ಉರಿಗಾಮಿನ ಸೆಕೆಯೂ ಉಪ್ಪುನೀರಿನ ಉಪಾಯವೂ

ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿಯಲ್ಲಿ ಮುಚ್ಚಿದವು. ಉರಿಗಾಮಿನ ನೆರೆಯ ಚಾಂಪಿಯನ್ ರೀಫ್ ಗಣಿಯು ಅಷ್ಟರಲ್ಲಿ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದಿತ್ತು. ಆ ಆಳದ ಬಂಡೆಯ ಉಷ್ಣತೆ 60 ಡಿಗ್ರಿ ಸೆಂಟಿಗ್ರೇಡಿಗಿಂತ ಹೆಚ್ಚು. ಆದರೆ ಅಲ್ಲಿ ದುಡಿಯುವವನನ್ನು ಕಂಗೆಡಿಸುವುದು ಬರಿಯ ಕಾವಲ್ಲ, ಕಾವಿನೊಡನೆ ಬೆರೆತ ತೇವ. ಬೆವರು ಆರಿದರೆ ಮೈ ತಣಿಯುತ್ತದೆ; ಸುತ್ತಲಿನ ಗಾಳಿಯೇ ನೀರಾವಿಯಿಂದ ತುಂಬಿದ್ದರೆ ಬೆವರು ಹರಿಯುವುದೇ ಹೊರತು ಆರುವುದಿಲ್ಲ. ಆದುದರಿಂದಲೇ ಗಣಿಯ ಎಂಜಿನಿಯರು ಸಾಮಾನ್ಯ ಉಷ್ಣಮಾಪಕಕ್ಕಿಂತ, ಬುಡ್ಡಿಗೆ ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕವನ್ನು ಹೆಚ್ಚು ನಂಬುತ್ತಾನೆ.

1930ರ ದಶಕದಲ್ಲಿ ಈ ಗಣಿಗಳಿಗೆ ಗಾಳಿಯನ್ನು ತಂಪುಗೊಳಿಸುವ ಯಂತ್ರಗಳು ಬಂದವು. ಗಾಳಿಯನ್ನು ಇಬ್ಬನಿಗಟ್ಟುವಷ್ಟು ತಣಿಸಿದರೆ ಅದರ ನೀರು ತಾನೇ ಬೇರೆಯಾಗುತ್ತದೆ. ಶಿವನಸಮುದ್ರದ ವಿದ್ಯುತ್ತು 147 ಕಿಲೋಮೀಟರು ತಂತಿಯಲ್ಲಿ ಹರಿದು ಕೋಲಾರದ ಗಣಿಗಳನ್ನು ಮುಟ್ಟಿದ್ದು 1902ರಲ್ಲಿ. ಅಮೆರಿಕದ ಕ್ಯಾರಿಯರ್ ಎಂಬ ಎಂಜಿನಿಯರು ಒಂದು ಮುದ್ರಣಾಲಯದ ಗಾಳಿಯ ತೇವವನ್ನು ಹತೋಟಿಗೆ ತರಲು ಯಂತ್ರ ರಚಿಸಿದ್ದೂ ಅದೇ ವರ್ಷ. ಅಂದಿನಿಂದ ನಾವು ತೇವ ತೆಗೆಯುವುದೆಂದರೆ ತಣಿಸುವುದೇ ಎಂದು ನಂಬಿಬಿಟ್ಟಿದ್ದೇವೆ. ಅತಿಯಾಗಿ ತಣಿಸಿ, ಬಳಿಕ ಅದೇ ಗಾಳಿಯನ್ನು ಹಿತವಾಗುವಷ್ಟು ಮತ್ತೆ ಕಾಯಿಸುವ ವಿಚಿತ್ರ ವ್ಯವಸ್ಥೆಗಳೂ ಉಂಟು. ಇದು ವಿದ್ಯುತ್ತಿನ ದುಂದು ಎಂದೇ ನನ್ನ ಅಭಿಪ್ರಾಯ.

ಇನ್ನೊಂದು ದಾರಿಯಿದೆ. ಮಳೆಗಾಲದಲ್ಲಿ ಉಪ್ಪಿನ ಭರಣಿ ನೀರೊಡೆಯುವುದನ್ನು ಯಾರು ಕಂಡಿಲ್ಲ? ಕ್ಯಾಲ್ಸಿಯಂ ಕ್ಲೋರೈಡಿನ ಹಸಿವು ಅಡಿಗೆ ಉಪ್ಪಿಗಿಂತ ಹೆಚ್ಚು. ಲಿಥಿಯಂ ಕ್ಲೋರೈಡಿನದು ಅದಕ್ಕೂ ಹೆಚ್ಚು. 25 ಡಿಗ್ರಿಯಲ್ಲಿ ಇವುಗಳ ಪರ್ಯಾಪ್ತ ದ್ರಾವಣದ ಮೇಲಿನ ಗಾಳಿಯ ಸಾಪೇಕ್ಷ ಆರ್ದ್ರತೆ ಕ್ರಮವಾಗಿ ನೂರಕ್ಕೆ ಸುಮಾರು 29 ಮತ್ತು 11. ಅಡಿಗೆ ಉಪ್ಪಿನ ಮೇಲೆ 75. ಇಂಥ ದ್ರಾವಣವನ್ನು ಗಾಳಿಗೆ ಎದುರಾಗಿ ಇಳಿಯಬಿಟ್ಟರೆ ಅದು ತೇವವನ್ನು ಹೀರುತ್ತದೆ. ತೆಳುವಾದ ದ್ರಾವಣವನ್ನು ಕಾಯಿಸಿ ನೀರನ್ನು ಓಡಿಸಿದರೆ ಮತ್ತೆ ಕೆಲಸಕ್ಕೆ ಸಿದ್ಧ.

ಆದರೆ ಇಷ್ಟನ್ನೇ ಉರಿಗಾಮಿನ ಆಳದಲ್ಲಿ ಮಾಡಿದ್ದರೆ ಕಾರ್ಮಿಕನಿಗೆ ನೆಮ್ಮದಿ ಸಿಗುತ್ತಿರಲಿಲ್ಲ! ಒಂದು ಕಿಲೋಗ್ರಾಂ ನೀರಾವಿ ದ್ರವವಾಗುವಾಗ ಸುಮಾರು 580 ಕಿಲೋಕ್ಯಾಲೊರಿ ಶಾಖ ಹೊರಬೀಳುತ್ತದೆ. ಅದು ದ್ರಾವಣವನ್ನೂ ಗಾಳಿಯನ್ನೂ ಕಾಯಿಸುತ್ತದೆ. ಗಾಳಿ ಒಣಗಿತು, ಬಿಸಿಯಾಯಿತು. ಒದ್ದೆ ಬಟ್ಟೆಯ ಉಷ್ಣಮಾಪಕ ಮಾತ್ರ ಇಳಿಯಲೊಲ್ಲದು. ಬಿಸಿಯಾದ ದ್ರಾವಣದ ಹೀರುವ ಶಕ್ತಿಯೂ ಕುಗ್ಗುತ್ತದೆ. ಹೀರುವ ಪಾತ್ರೆಯೊಳಗೇ ತಣ್ಣೀರಿನ ಕೊಳವೆಗಳನ್ನಿಟ್ಟು, ಹುಟ್ಟಿದ ಶಾಖವನ್ನು ಹುಟ್ಟಿದಲ್ಲಿಯೇ ಸೆಳೆದುಕೊಳ್ಳುವುದು ದಕ್ಷತೆಯ ಮೊದಲ ಮೆಟ್ಟಿಲು.

ಹೆಚ್ಚಿನ ಸೋರಿಕೆ ಇರುವುದು ಕಾಯಿಸುವ ಕಡೆ. ಒಲೆಯಿಂದ ಬರುವ ಬಿಸಿ ದ್ರಾವಣವನ್ನು ಹಾಗೆಯೇ ಹೀರುವ ಪಾತ್ರೆಗೆ ಸುರಿದರೆ ಎರಡು ನಷ್ಟ: ಕೊಟ್ಟ ಶಾಖ ಹೋಯಿತು, ತಣಿಸುವ ಹೊರೆ ಹೆಚ್ಚಿತು. ಒಲೆಗೆ ಹೋಗುವ ತಣ್ಣನೆಯ ದ್ರಾವಣವನ್ನು ಅದರ ಪಕ್ಕದಲ್ಲಿ ಹಾಯಿಸಿದರೆ ಒಂದರ ಬಿಸಿ ಇನ್ನೊಂದಕ್ಕೆ ಸಲ್ಲುತ್ತದೆ. ಅಗತ್ಯಕ್ಕಿಂತ ಹೆಚ್ಚು ದ್ರಾವಣವನ್ನು ಸುತ್ತಿಸುವುದೂ ತಪ್ಪು. ಇನ್ನೂ ಮುಂದೆ ಹೋಗಿ, ಮೊದಲ ಪಾತ್ರೆಯಿಂದೆದ್ದ ಹಬೆಯಿಂದಲೇ ಎರಡನೆಯ ಪಾತ್ರೆಯನ್ನು ಕಾಯಿಸಬಹುದು. ಒಂದೇ ಮಜಲಿನ ಯಂತ್ರದಲ್ಲಿ, ವ್ಯಯಿಸಿದ ಶಾಖಕ್ಕಿಂತ ತೆಗೆದ ತೇವದ ಗುಪ್ತೋಷ್ಣ ಕಡಮೆ. ಎರಡು ಮಜಲಿನಲ್ಲಿ ಅದು ಹೆಚ್ಚಾಗಬಲ್ಲದು.

ದ್ರಾವಣ ಪ್ರಬಲವಾದಷ್ಟೂ ಯಂತ್ರ ಉತ್ತಮ ಎಂದು ಹೇಳುವವರನ್ನು ನಾನು ಒಪ್ಪಲಾರೆ. ಪ್ರಬಲ ದ್ರಾವಣವನ್ನು ಮತ್ತೆ ಗಟ್ಟಿಗೊಳಿಸಲು ಹೆಚ್ಚಿನ ಉಷ್ಣತೆ ಬೇಕು. ಕೋಲಾರ ಜಿಲ್ಲೆಯ ರೇಷ್ಮೆಯನ್ನೇ ನೋಡಿ. ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಟ್ಟಾಗ ಕೋಣೆಯ ಆರ್ದ್ರತೆ ನೂರಕ್ಕೆ 60ರಿಂದ 70ರಷ್ಟಿರಬೇಕು. ತೇವ ಹೆಚ್ಚಾದರೆ ಗೂಡಿನ ನೂಲು ಸಲೀಸಾಗಿ ಬಿಚ್ಚದು, ಬೆಲೆ ಇಳಿಯುತ್ತದೆ. ಈ ಕೆಲಸಕ್ಕೆ ದುಬಾರಿಯ ಲಿಥಿಯಂ ಏಕೆ? ಅಗ್ಗದ ಕ್ಯಾಲ್ಸಿಯಂ ಕ್ಲೋರೈಡು, ಅದೂ ಪರ್ಯಾಪ್ತವಲ್ಲದ್ದು, ಧಾರಾಳವಾಗಿ ಸಾಕು. ಅದನ್ನು ಗಟ್ಟಿಗೊಳಿಸಲು ಬಿಸಿಲೇ ಒಲೆಯಾದೀತು.

ಬಿಸಿಲನ್ನು ಹೀಗೆ ದುಡಿಸುವ ಯೋಚನೆ ಹಳೆಯದೇ. ಅಮೆರಿಕದ ಜಾರ್ಜ್ ಲೋಫ್ 1955ರಲ್ಲಿಯೇ ಟ್ರೈಎಥಿಲೀನ್ ಗ್ಲೈಕಾಲನ್ನು ಬಳಸಿ ಇಂಥ ಏರ್ಪಾಟನ್ನು ಸೂಚಿಸಿದ್ದನು. ಬಂಗಾರಪೇಟೆಯ ಕಡೆ ಮಳೆ ಹೆಚ್ಚುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ. ತೇವ ತೆಗೆಯಬೇಕಾದ ದಿನವೇ ಮೋಡ ಕವಿದಿದ್ದರೆ ಗತಿಯೇನು ಎಂದು ಕೇಳಬಹುದು. ಬಿಸಿಲು ಬಿದ್ದ ದಿನ ಗಟ್ಟಿಗೊಳಿಸಿದ ದ್ರಾವಣವನ್ನು ಮುಚ್ಚಿದ ಪೀಪಾಯಿಯಲ್ಲಿಟ್ಟರೆ, ಅದು ಆರಿ ತಣ್ಣಗಾದರೂ ಅದರ ಹೀರುವ ಶಕ್ತಿ ಕುಂದುವುದಿಲ್ಲ. ಬಿಸಿನೀರಿನ ತೊಟ್ಟಿಗೆ ಈ ಗುಣವಿಲ್ಲ. ದಕ್ಷತೆಯ ಲೆಕ್ಕದಲ್ಲಿ ಈ ಕೂಡಿಡುವ ಗುಣಕ್ಕೂ ಅಂಕ ಕೊಡಬೇಕು. ಇಂದಿನ ಹೋಲಿಕೆಗಳು ಅನೇಕ ವೇಳೆ ಅದನ್ನು ಮರೆಯುತ್ತವೆ.

ತೊಡಕುಗಳಿಲ್ಲವೆಂದಲ್ಲ. ಈ ದ್ರಾವಣ ಕಬ್ಬಿಣವನ್ನು ತಿನ್ನುತ್ತದೆ. ಪ್ಲಾಸ್ಟಿಕ್ಕಿನ ಪಾತ್ರೆ, ಕೊಳವೆಗಳೇ ಬೇಕು. ಗಾಳಿಯ ವೇಗ ಮಿತಿಮೀರಿದರೆ ಉಪ್ಪಿನ ತುಂತುರು ಹುಳುಗಳ ಮೇಲೆಯೇ ಬೀಳುತ್ತದೆ. ಅದನ್ನು ತಡೆಯಲು ಆವಿಯನ್ನು ಮಾತ್ರ ಬಿಡುವ ತೆಳುಪೊರೆಗಳಿವೆಯಾದರೂ ಹಳ್ಳಿಯ ಹುಳುಮನೆಗೆ ಅವು ಸದ್ಯಕ್ಕೆ ದುಬಾರಿ. ದ್ರಾವಣವನ್ನು ಚಿಮುಕಿಸದೆ, ಒದ್ದೆಯಾದ ಹಲಗೆಗಳ ಮೇಲೆ ಮೆಲ್ಲಗೆ ಇಳಿಯಬಿಡುವುದೇ ಅಲ್ಲಿಗೆ ತಕ್ಕ ಕ್ರಮ.