ಶನಿವಾರ ಯಾರದ್ದು?

ವಾರಾಂತ್ಯಕ್ಕೆ ಗೆಳತಿಯ ಜೊತೆ ಪ್ರಾಗ್ ನೋಡಿಕೊಂಡು ಬಂದೆ ಎಂದರೆ ನಮ್ಮ ಕಡೆ ಬರುವ ಮೊದಲ ಪ್ರಶ್ನೆ ‘ಎಷ್ಟು ಖರ್ಚಾಯ್ತು?’. ಎರಡನೆಯದು ‘ಓದೋಕೆ ಹೋಗಿದ್ದಾ, ಸುತ್ತೋಕೆ ಹೋಗಿದ್ದಾ?’. ಎರಡೂ ನ್ಯಾಯವಾದ ಪ್ರಶ್ನೆಗಳೇ, ಎರಡಕ್ಕೂ ಉತ್ತರ ಕೊಡುತ್ತೇನೆ. ಆದರೆ ‘ನಿನಗೆ ಶನಿವಾರ ರಜೆ ಹೇಗೆ ಸಿಕ್ಕಿತು?’ ಎಂದು ಮಾತ್ರ ಈವರೆಗೆ ಒಬ್ಬರೂ ಕೇಳಿಲ್ಲ. ಯುರೋಪ್ ಟ್ರಿಪ್‌ನ ರೀಲ್ಸ್ ನೋಡುತ್ತಾ ಹೊಟ್ಟೆ ಉರಿಸಿಕೊಳ್ಳುವ ನಾವು ಮೊದಲು ಹೊಟ್ಟೆಕಿಚ್ಚು ಪಡಬೇಕಾದದ್ದು ಅಲ್ಲಿನ ವೀಕೆಂಡ್ ಬಗ್ಗೆ. ಊರುಗಳ ಮಾತು ಆಮೇಲೆ.

ನಾನು ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿನಿ. ಆರನೇ ಸೆಮಿಸ್ಟರ್ ಮುಗಿದ ಮೇಲೆ ಸ್ಕಾಲರ್‌ಶಿಪ್ ಸಿಕ್ಕಿ ಎರಡು ತಿಂಗಳ ಇಂಟರ್ನ್‌ಶಿಪ್‌ಗೆಂದು ಜರ್ಮನಿಯ ಡ್ರೆಸ್ಡೆನ್‌ಗೆ ಹೋಗಿದ್ದೆ. ನಮ್ಮದೇ ಕಾಲೇಜಿನ ಇ ಅಂಡ್ ಸಿ ವಿಭಾಗದ ಗೆಳತಿಯೂ ಅದೇ ಊರಿನಲ್ಲಿ ಬೇರೆ ಲ್ಯಾಬ್‌ನಲ್ಲಿದ್ದಳು. ಮೊದಲ ಶುಕ್ರವಾರ ಸಂಜೆ ನನ್ನ ಗೈಡ್ ‘ವೀಕೆಂಡ್ ಏನು ಪ್ಲಾನ್?’ ಎಂದು ಕೇಳಿದರು. ‘ನಾಳೆ ಬಂದು ರೀಡಿಂಗ್ಸ್ ಮುಗಿಸ್ತೀನಿ ಸರ್’ ಎಂದೆ. ನಮ್ಮಲ್ಲಾಗಿದ್ದರೆ ‘ವೆರಿ ಗುಡ್, ಇದು ಸ್ಪಿರಿಟ್’ ಎನ್ನುತ್ತಿದ್ದರು. ಅವರಿಗೆ ಅರ್ಥವೇ ಆಗಲಿಲ್ಲ. ಕಾಂಕ್ರೀಟ್ ಕ್ಯೂಬ್‌ಗಳು ಎಲ್ಲಿಗೂ ಓಡಿಹೋಗುವುದಿಲ್ಲ, ಸೋಮವಾರವೂ ಇಲ್ಲೇ ಇರುತ್ತವೆ, ನೀನು ಎಲ್ಲಾದರೂ ಹೋಗಿ ಬಾ ಎಂದು ಬಾಗಿಲು ಹಾಕಿಕೊಂಡು ಸೈಕಲ್ ಹತ್ತಿದರು.

ಅದು ಅವರ ಒಳ್ಳೆಯತನ ಮಾತ್ರ ಅಲ್ಲ ಎಂದು ನಿಧಾನಕ್ಕೆ ತಿಳಿಯಿತು. ಯುರೋಪಿಯನ್ ಒಕ್ಕೂಟದ ನಿಯಮದ ಪ್ರಕಾರ ಓವರ್‌ಟೈಮ್ ಸೇರಿ ವಾರದ ಕೆಲಸ ಸರಾಸರಿ 48 ಗಂಟೆ ಮೀರುವಂತಿಲ್ಲ. ವರ್ಷಕ್ಕೆ ಕನಿಷ್ಠ 4 ವಾರ ಸಂಬಳಸಹಿತ ರಜೆ ಕೊಡಲೇಬೇಕು. ಜರ್ಮನಿಯಲ್ಲಂತೂ ಭಾನುವಾರದ ವಿಶ್ರಾಂತಿಗೆ ಸಂವಿಧಾನದಲ್ಲೇ ರಕ್ಷಣೆಯಿದೆ. ಅಂಗಡಿಗಳೆಲ್ಲ ಬಂದ್. ಮೊದಲ ಭಾನುವಾರ ಹಾಲಿಲ್ಲದೆ ಕಪ್ಪು ಕಾಫಿ ಕುಡಿದು ಈ ಸಂವಿಧಾನಕ್ಕೆ ನಾವಿಬ್ಬರೂ ಸ್ವಲ್ಪ ಬೈದದ್ದೂ ಉಂಟು.

ಹಾಗಾಗಿ ಪ್ರಾಗ್. ಡ್ರೆಸ್ಡೆನ್‌ನಿಂದ ರೈಲಿನಲ್ಲಿ ಸುಮಾರು ಎರಡೂವರೆ ಗಂಟೆ. ದಾರಿಯುದ್ದಕ್ಕೂ ಎಲ್ಬೆ ನದಿ, ಅದರ ದಡದಲ್ಲಿ ಮರಳುಗಲ್ಲಿನ ಬೆಟ್ಟಗಳು. ದೇಶ ಬದಲಾಯಿತು ಎಂದು ಗೊತ್ತಾಗಿದ್ದು ಮೊಬೈಲ್‌ಗೆ ಬಂದ ಮೆಸೇಜ್‌ನಿಂದ. 1985ರಲ್ಲಿ ಲಕ್ಸೆಂಬರ್ಗ್‌ನ ಷೆಂಗೆನ್ ಎಂಬ ಪುಟ್ಟ ಊರಿನ ಬಳಿ ಸಹಿಯಾದ ಒಪ್ಪಂದದಲ್ಲಿ ಈಗ 29 ದೇಶಗಳಿವೆ. ಜರ್ಮನಿಯ ವೀಸಾ ಇದ್ದರೆ ಜೆಕ್ ದೇಶಕ್ಕೆ ಬೇರೆ ವೀಸಾ ಬೇಡ. ಹಾಗೆಂದು ಪಾಸ್‌ಪೋರ್ಟ್ ರೂಮಿನಲ್ಲಿ ಬಿಟ್ಟು ಹೋಗಬೇಡಿ. ವಾಪಸ್ ಬರುವಾಗ ಗಡಿ ದಾಟುತ್ತಿದ್ದಂತೆ ರೈಲಿಗೆ ಪೊಲೀಸರು ಹತ್ತಿ ದಾಖಲೆ ಕೇಳಿದರು. ಫೋನಿನಲ್ಲಿ ಫೋಟೊ ಇಟ್ಟುಕೊಂಡಿದ್ದ ಹುಡುಗನೊಬ್ಬ ಬಹಳ ಹೊತ್ತು ವಿವರಣೆ ಕೊಡಬೇಕಾಯಿತು.

ಈಗ ಖರ್ಚಿನ ಉತ್ತರ. ಮೂರು ವಾರ ಮೊದಲೇ ಬುಕ್ ಮಾಡಿದ ರೈಲಿಗೆ ಹೋಗಿಬರಲು 40 ಯೂರೊ, ಹಾಸ್ಟೆಲ್‌ನ ಎಂಟು ಹಾಸಿಗೆಯ ಡಾರ್ಮ್‌ನಲ್ಲಿ ಒಂದು ರಾತ್ರಿಗೆ 22, ಊಟ, ಟ್ರಾಮ್ ಇತ್ಯಾದಿಗೆ 20ರ ಆಸುಪಾಸು. ಒಟ್ಟು ಒಬ್ಬೊಬ್ಬರಿಗೆ ಸುಮಾರು 82 ಯೂರೊ, ಅಂದರೆ ಎಂಟು ಸಾವಿರ ರೂಪಾಯಿಯ ಮೇಲೆ. ಅಮ್ಮನಿಗೆ ಇದು ಸಣ್ಣ ಮೊತ್ತವಲ್ಲ, ನನಗೂ ಅಲ್ಲ. ಎರಡು ವಾರ ಹೊರಗೆ ಏನನ್ನೂ ಕೊಳ್ಳದೆ ಅನ್ನ-ಸಾರು ಮಾಡಿಕೊಂಡು ಸ್ಕಾಲರ್‌ಶಿಪ್ ಹಣದಲ್ಲಿ ಉಳಿಸಿದ್ದು. ಶನಿವಾರದ ಮಧ್ಯಾಹ್ನದ ಊಟ ಡಬ್ಬಿಯಲ್ಲಿ ಒಯ್ದಿದ್ದ ಚಪಾತಿ, ಶೇಂಗಾ ಚಟ್ನಿಪುಡಿ. ಜೆಕ್‌ನವರು ಯೂರೊಗೆ ಬದಲಾಗದೆ ತಮ್ಮ ಕೊರುನಾ ಹಣವನ್ನೇ ಉಳಿಸಿಕೊಂಡಿದ್ದಾರೆ. ಪ್ರತಿ ಬಿಲ್‌ಗೂ ಕೊರುನಾದಿಂದ ಯೂರೊ, ಯೂರೊದಿಂದ ರೂಪಾಯಿ ಎಂದು ಎರಡು ಸಲ ಲೆಕ್ಕ ಹಾಕುತ್ತಿದ್ದ ಗೆಳತಿ ಸಂಜೆ ಹೊತ್ತಿಗೆ ಸುಸ್ತಾಗಿ ‘ಇನ್ಮೇಲೆ ರೇಟ್ ನನ್ನ ಕೇಳ್ಬೇಡ ಕಣೇ, ಕುಡಿಯೋ ಕಾಫಿ ಗಂಟಲಲ್ಲಿ ಇಳಿಯಲ್ಲ’ ಎಂದಳು.

ಓದೋಕೋ ಸುತ್ತೋಕೋ ಎಂಬುದಕ್ಕೆ ಉತ್ತರ ವ್ಲತಾವಾ ನದಿಯ ಮೇಲಿನ ಚಾರ್ಲ್ಸ್ ಸೇತುವೆಯಲ್ಲಿದೆ. 1342ರ ಪ್ರವಾಹದಲ್ಲಿ ಅಲ್ಲಿದ್ದ ಹಳೆಯ ಸೇತುವೆ ಕೊಚ್ಚಿಹೋದ ಮೇಲೆ ನಾಲ್ಕನೇ ಚಾರ್ಲ್ಸ್ ದೊರೆಯ ಕಾಲದಲ್ಲಿ, 1357ರಲ್ಲಿ, ಇದರ ಕೆಲಸ ಶುರುವಾಯಿತು. ಮರಳುಗಲ್ಲಿನ 16 ಕಮಾನು, ಅರ್ಧ ಕಿಲೋಮೀಟರ್‌ಗೂ ಸ್ವಲ್ಪ ಹೆಚ್ಚು ಉದ್ದ. ಒಂದು ಕಾಲದಲ್ಲಿ ಇದರ ಮೇಲೆ ಟ್ರಾಮ್ ಕೂಡ ಓಡಿತ್ತು, ಈಗ ನಡೆಯುವವರಿಗೆ ಮಾತ್ರ. ಎಲ್ಲರೂ ಮೇಲಿನ ಸಂತರ ಪ್ರತಿಮೆಗಳ ಜೊತೆ ಸೆಲ್ಫಿ ತೆಗೆಯುತ್ತಿದ್ದರೆ ನಾನು ದಡಕ್ಕಿಳಿದು ಕಂಬಗಳನ್ನು ನೋಡುತ್ತಾ ನಿಂತೆ. ಹರಿವಿಗೆ ಎದುರಾಗಿ ಕಂಬಗಳ ಮುಂದೆ ದಪ್ಪ ಮರದ ದಿಮ್ಮಿಗಳ ಇಳಿಜಾರು ಚೌಕಟ್ಟುಗಳಿವೆ. ಚಳಿಗಾಲದಲ್ಲಿ ತೇಲಿಬರುವ ಹಿಮಗಡ್ಡೆಗಳು ಕಲ್ಲಿಗೆ ಬಡಿಯದಂತೆ ಅವು ತಡೆಯುತ್ತವೆ. ಕಲ್ಲು ಉಳಿಯಬೇಕೆಂದರೆ ಅದರ ಮುಂದೆ ಸವೆಯಲು ಮರ ನಿಲ್ಲಿಸು, ಮರ ಸವೆದಾಗ ಬದಲಿಸು. ಪರೀಕ್ಷೆಗೆಂದು ಉರುಹೊಡೆದ ‘ಮೇಂಟೆನೆನ್ಸ್’ ಎಂಬ ಪದ ನನಗೆ ಅರ್ಥವಾಗಿದ್ದು ಆವಾಗ.

ನಾವಿದ್ದ ಡ್ರೆಸ್ಡೆನ್‌ನಲ್ಲಿ ಇದರ ಉಲ್ಟಾ ಕಥೆಯಿದೆ. ಅಲ್ಲಿನ ಕರೋಲಾ ಸೇತುವೆ 1971ರದ್ದು, ಪ್ರಿಸ್ಟ್ರೆಸ್ಡ್ ಕಾಂಕ್ರೀಟಿನದ್ದು. 2024ರ ಸೆಪ್ಟೆಂಬರ್ 11ರ ನಸುಕಿನಲ್ಲಿ ಅದರ ಒಂದು ಭಾಗ ಕುಸಿದು ಎಲ್ಬೆಗೆ ಬಿತ್ತು. ಕೆಲವೇ ನಿಮಿಷ ಮೊದಲು ಟ್ರಾಮ್ ದಾಟಿ ಹೋಗಿತ್ತು, ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಕಾಂಕ್ರೀಟಿನೊಳಗಿನ ಉಕ್ಕಿನ ತಂತಿಗಳು ತುಕ್ಕಿನಿಂದ ಬಿರುಕು ಬಿಟ್ಟಿದ್ದವು. ಇದನ್ನು ಕೇಳಿ ‘ಹಳೇ ಕಾಲದವರು ಗಟ್ಟಿ ಕಟ್ತಿದ್ರು’ ಎನ್ನಬೇಡಿ. 1890ರ ಪ್ರವಾಹದಲ್ಲಿ ಚಾರ್ಲ್ಸ್ ಸೇತುವೆಯ ಕಮಾನುಗಳೂ ಬಿದ್ದಿವೆ, ಮತ್ತೆ ಕಟ್ಟಿದ್ದಾರೆ. ವ್ಲತಾವಾ ನೀರು ಎಲ್ಬೆಗೆ ಸೇರಿ ಡ್ರೆಸ್ಡೆನ್ ಕಡೆಗೇ ಹರಿಯುತ್ತದೆ. ಒಂದೇ ನೀರಿನ ಮೇಲಿನ ಎರಡು ಸೇತುವೆಗಳ ಪಾಠ ನನಗೆ ಒಂದು ಶನಿವಾರಕ್ಕೆ ಸಿಕ್ಕಿತು. ನಮ್ಮ ‘ಇಂಡಸ್ಟ್ರಿಯಲ್ ವಿಸಿಟ್’ನಲ್ಲಿ ಎರಡು ಗಂಟೆ ಫ್ಯಾಕ್ಟರಿ, ಎರಡು ದಿನ ಬಸ್ಸಿನಲ್ಲಿ ಡಿಜೆ ಇರುತ್ತದಲ್ಲ, ಅದಕ್ಕಿಂತ ಇದು ಮೇಲು.

1410ರ ಖಗೋಳ ಗಡಿಯಾರವನ್ನೂ ನೋಡಿದೆವು. ನೋಡಿದ್ದು ಹೆಚ್ಚಾಗಿ ಮೇಲೆತ್ತಿದ ಮೊಬೈಲ್‌ಗಳನ್ನೇ.

ರಾತ್ರಿ ಹತ್ತೂವರೆಗೆ ನಾವಿಬ್ಬರೇ ಟ್ರಾಮ್ ಹತ್ತಿ ಹಾಸ್ಟೆಲ್‌ಗೆ ಮರಳಿದೆವು. ಟ್ರಾಮ್, ಮೆಟ್ರೊ, ಬಸ್ ಎಲ್ಲಕ್ಕೂ ಒಂದೇ ಟಿಕೆಟ್. ಯಾರೂ ದುರುಗುಟ್ಟಿ ನೋಡಲಿಲ್ಲ, ಯಾರೂ ‘ಇಷ್ಟೊತ್ತಲ್ಲಿ ಎಲ್ಲಿಗೆ?’ ಎನ್ನಲಿಲ್ಲ. ಊರಿನಲ್ಲಿ ನಮ್ಮ ಲೇಡೀಸ್ ಹಾಸ್ಟೆಲ್ ಗೇಟ್ ಎಂಟಕ್ಕೆ ಮುಚ್ಚುತ್ತದೆ, ಹುಡುಗರದ್ದು ಹತ್ತಕ್ಕೆ. ಈ ಎರಡು ಗಂಟೆ ವ್ಯತ್ಯಾಸದ ಬಗ್ಗೆ ಬೇರೆಯದೇ ಲೇಖನ ಬರೆಯಬಹುದು, ಇಲ್ಲಿ ಬೇಡ.

ಹಾಗೆಂದು ಯುರೋಪಿನ ವೀಕೆಂಡ್ ಎಲ್ಲ ಚಂದ ಎಂದೂ ಹೇಳಲಾರೆ. ನಮ್ಮ ಡಾರ್ಮ್‌ಗೆ ಬೆಳಗಿನ ಜಾವ ಮೂರಕ್ಕೆ ಕುಡಿದು ಬಂದ ಗುಂಪೊಂದು ಬೆಳಕು ಹರಿಯುವವರೆಗೆ ಹಾಡಿತು. ಇಂಥವರಿಂದ ಬೇಸತ್ತೇ ಪ್ರಾಗ್ ಆಡಳಿತ 2024ರಲ್ಲಿ, ಪ್ರವಾಸಿಗರನ್ನು ರಾತ್ರಿ ಹೊತ್ತು ಪಬ್‌ನಿಂದ ಪಬ್‌ಗೆ ಕರೆದೊಯ್ಯುವ ಸಂಘಟಿತ ಟೂರ್‌ಗಳನ್ನು ನಿಷೇಧಿಸಿತು. ಅದೇ ವರ್ಷ ವೆನಿಸ್ ನಗರ ಜನಜಂಗುಳಿಯ ದಿನಗಳಲ್ಲಿ ಬೆಳಗ್ಗೆ ಬಂದು ಸಂಜೆ ಹೋಗುವವರಿಗೆ 5 ಯೂರೊ ಶುಲ್ಕ ಹಾಕಿತು. ಭಾನುವಾರ ಬೆಳಗಿನ ನಂದಿಬೆಟ್ಟದ ರಸ್ತೆ ನೋಡಿದವರಿಗೆ ಇದು ಹೊಸದೇನಲ್ಲ.

ಮತ್ತೆ ಶನಿವಾರದ ವಿಷಯಕ್ಕೆ. ‘ಅವರು ಶ್ರೀಮಂತರು, ವಿಶ್ರಾಂತಿ ತಗೋತಾರೆ. ಬೆಳೆಯುವ ದೇಶ ನಮ್ಮದು, ದುಡಿಯಬೇಕು’ ಎಂದು ನನ್ನ ಮಾವ ಹೇಳುತ್ತಾರೆ. ಮಾವನೊಬ್ಬರೇ ಅಲ್ಲ, ಇನ್ಫೊಸಿಸ್ ಸಹಸಂಸ್ಥಾಪಕ ನಾರಾಯಣ ಮೂರ್ತಿ 2023ರಲ್ಲಿ ಯುವಜನ ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಮುಖ್ಯಸ್ಥ ಎಸ್.ಎನ್. ಸುಬ್ರಹ್ಮಣ್ಯನ್ ಅದನ್ನು 90ಕ್ಕೆ ಏರಿಸಿ, ಭಾನುವಾರ ಕೆಲಸ ಮಾಡಿಸಲಾಗದ್ದಕ್ಕೆ ವಿಷಾದವನ್ನೂ ಹೇಳಿಕೊಂಡ ವಿಡಿಯೊ ಹರಿದಾಡಿತು. ಆದರೆ ಜರ್ಮನಿಯಲ್ಲಿ ದಿನಕ್ಕೆ 8 ಗಂಟೆಯ ಕೆಲಸ ಎಂಬ ನಿಯಮ ಬಂದದ್ದು 1918ರ ಕೊನೆಯಲ್ಲಿ, ಮೊದಲ ಮಹಾಯುದ್ಧ ಸೋತು ದೇಶ ಹಸಿದಿದ್ದಾಗ. 1956ರ ಮೇ ದಿನಕ್ಕೆ ಅಲ್ಲಿನ ಕಾರ್ಮಿಕ ಸಂಘಟನೆ ಐದು ದಿನದ ವಾರ ಕೇಳುತ್ತಾ ಒಂದು ಪೋಸ್ಟರ್ ಮಾಡಿತು. ಅದರಲ್ಲಿ ಪುಟ್ಟ ಮಗುವೊಂದು ಶನಿವಾರ ಅಪ್ಪ ತನಗೆ ಸೇರಿದವನು ಎನ್ನುತ್ತದೆ. ಎರಡನೇ ಮಹಾಯುದ್ಧ ಮುಗಿದು ಆಗಿನ್ನೂ ಹನ್ನೊಂದು ವರ್ಷ. ಮೊದಲು ಶ್ರೀಮಂತರಾಗೋಣ, ಆಮೇಲೆ ರಜೆ ಕೇಳೋಣ ಎಂದು ಅವರು ಕಾಯಲಿಲ್ಲ.

ನಮ್ಮಲ್ಲೂ ಕಾನೂನು ಇರಲಿಲ್ಲ ಎಂದಲ್ಲ. 1948ರ ಕಾರ್ಖಾನೆ ಕಾಯ್ದೆಯೇ ವಾರಕ್ಕೆ 48 ಗಂಟೆಯ ಮಿತಿ ಹಾಕಿ, ಒಂದು ದಿನದ ರಜೆ ಕಡ್ಡಾಯ ಮಾಡಿತ್ತು. ಆದರೆ ಲ್ಯಾಪ್‌ಟಾಪ್ ಹಿಡಿದವರು ನಾವು ಆ ಲೆಕ್ಕಕ್ಕೆ ಬರುವುದಿಲ್ಲ ಎಂದು ಮೊದಲೇ ನಂಬಿಕೊಂಡಿದ್ದೇವೆ. ಪ್ಲೇಸ್‌ಮೆಂಟ್‌ಗೆ ಕಂಪನಿ ಬಂದಾಗ ‘ಎನಿ ಕ್ವೆಶ್ಚನ್ಸ್?’ ಎಂದರೆ ನಾವು ಕೇಳುವುದು ಸಿಟಿಸಿ ಎಷ್ಟು, ಬಾಂಡ್ ಇದೆಯಾ, ಬೆಂಗಳೂರಿನಲ್ಲೇ ಪೋಸ್ಟಿಂಗ್ ಸಿಗುತ್ತಾ. ವಾರಕ್ಕೆ ಎಷ್ಟು ಗಂಟೆ ಎಂದು ಕೇಳಿದರೆ ಸೋಮಾರಿ ಎಂದುಕೊಂಡಾರು ಎಂಬ ಭಯ. ಹೋದ ವರ್ಷ ಸೈಟ್ ಎಂಜಿನಿಯರ್ ಆಗಿ ಸೇರಿದ ನಮ್ಮ ಸೀನಿಯರ್ ಅಕ್ಕ ಒಬ್ಬರಿಗೆ ವಾರಕ್ಕೆ ಆರು ದಿನ ಸೈಟು, ಏಳನೇ ದಿನ ಫೋನು. ಗೌರಿ ಹಬ್ಬಕ್ಕೆ ಊರಿಗೆ ಬಂದವರು ಬಾಗಿನ ಕೊಡುವ ಹೊತ್ತಿನಲ್ಲೂ ಕಾಂಟ್ರಾಕ್ಟರ್ ಜೊತೆ ಕಾಲ್‌ನಲ್ಲಿದ್ದರಂತೆ. ನನ್ನದೂ ಅದೇ ಕ್ಷೇತ್ರ. ಸ್ಲ್ಯಾಬ್ ಹಾಕುವ ದಿನ ಭಾನುವಾರ ಬಂತೆಂದು ಕಾಂಕ್ರೀಟ್ ಅರ್ಧಕ್ಕೆ ನಿಲ್ಲಿಸಲು ಆಗುವುದಿಲ್ಲ, ಗೊತ್ತು. ಆದರೆ ಆ ಭಾನುವಾರದ ಬದಲು ಒಂದು ಬುಧವಾರ ಕೊಡಬಹುದಲ್ಲ?

ಸೋಮವಾರ ಬೆಳಗ್ಗೆ ಎಂಟಕ್ಕೆ ನಾನು ಲ್ಯಾಬ್‌ನಲ್ಲಿದ್ದೆ. ಕ್ಯೂಬ್‌ಗಳು ಅಲ್ಲೇ ಇದ್ದವು. ಮಧ್ಯಾಹ್ನದೊಳಗೆ ರೀಡಿಂಗ್ಸ್ ಮುಗಿದವು.

ಮುಂದಿನ ತಿಂಗಳಿಂದ ನಮ್ಮ ಕಾಲೇಜಿಗೆ ಕಂಪನಿಗಳು ಬರಲು ಶುರು. ಈ ಸಲ ಪ್ರಶ್ನೆಗಳ ಸಮಯದಲ್ಲಿ ಎದ್ದು ನಿಂತು ‘ಶನಿವಾರ ರಜೆ ಇದೆಯಾ ಸರ್, ಇದ್ದರೆ ಫೋನ್‌ಗೂ ರಜೆ ಇದೆಯಾ?’ ಎಂದು ಕೇಳಬೇಕೆಂದಿದ್ದೇನೆ. ಗೆಳತಿಗೆ ಹೇಳಿದೆ. ‘ಕೇಳು, ಖಂಡಿತ ಕೇಳು. ನಾನೂ ಪಕ್ಕದಲ್ಲೇ ಕೂತು ಉತ್ತರ ಬರ್ಕೋತೀನಿ. ಆದ್ರೆ ಆವತ್ತೊಂದಿನ ನಿನ್ನ ಪರಿಚಯ ನಂಗಿಲ್ಲ ಕಣೇ’ ಎಂದಳು.