ಆಟಿಕೆ ಎಂದು ನಕ್ಕವರಿಗೆ

ಹೋದ ವರ್ಷ ಒಂದು ಸಾಹಿತ್ಯ ಕಮ್ಮಟಕ್ಕೆ ಹೋಗಿದ್ದೆ. ಎರಡನೆಯ ದಿನ ಮಧ್ಯಾಹ್ನ, ಊಟದ ತೂಕಡಿಕೆಯ ಹೊತ್ತಿನಲ್ಲಿ, ಶಿಬಿರಾರ್ಥಿಗಳು ತಾವು ಬರೆಯಲಿರುವ ವಿಮರ್ಶೆಯ ವಸ್ತು ಯಾವುದೆಂದು ಹೇಳಬೇಕಿತ್ತು. ಒಬ್ಬ ಕಾದಂಬರಿ ಅಂದ, ಇನ್ನೊಬ್ಬಳು ಸಿನಿಮಾ ಅಂದಳು. ಬಿ.ಎಸ್ಸಿ. ಓದುತ್ತಿದ್ದ ಹುಡುಗನೊಬ್ಬ ಎದ್ದು, "ಪವರ್ ರೇಂಜರ್ಸ್: ಬ್ಯಾಟಲ್ ಫಾರ್ ದಿ ಗ್ರಿಡ್ ಅಂತ ಒಂದು ಗೇಮ್ ಇದೆ ಸರ್, ಅದರ ಬಗ್ಗೆ ಬರೀತೀನಿ" ಅಂದ. ಸಭೆ ನಕ್ಕಿತು. ನಡೆಸಿಕೊಡುತ್ತಿದ್ದ ಹಿರಿಯರೂ ನಕ್ಕರು. ಕೆಟ್ಟ ನಗು ಏನಲ್ಲ, ಮೊಮ್ಮಗ ಚಡ್ಡಿ ಹಾಕದೆ ಜಗಲಿಗೆ ಬಂದಾಗ ನಗುತ್ತಾರಲ್ಲ, ಅಂಥದ್ದು. "ಅದು ಸರಕು ಕಣಪ್ಪಾ. ಆಟಿಕೆ ಮಾರೋದಕ್ಕೆ ಸೀರಿಯಲ್ಲು, ಸೀರಿಯಲ್ಲಿನ ಹೆಸರು ಮಾರೋದಕ್ಕೆ ಗೇಮು. ಯಾವುದಾದರೂ ಕೃತಿ ತಗೋ" ಅಂದರು. ಹುಡುಗ ಸುಮ್ಮನೆ ಕೂತ. ನಕ್ಕವರಲ್ಲಿ ನಾನೂ ಒಬ್ಬ. ಈ ಬರಹ ಆ ನಗುವಿನ ವಿರುದ್ಧ. ಹಾಗಾಗಿ ನನ್ನ ವಿರುದ್ಧವೂ ಹೌದು.

ಹಿರಿಯರು ಹೇಳಿದ್ದರಲ್ಲಿ ಸುಳ್ಳಿಲ್ಲ, ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. 1992ರಲ್ಲಿ ಜಪಾನಿನ ತೋಯೆಯ್ ಕಂಪನಿ ಮಕ್ಕಳಿಗಾಗಿ ಒಂದು ಧಾರಾವಾಹಿ ಮಾಡಿತು. ಬಣ್ಣಬಣ್ಣದ ಉಡುಪಿನ ಐವರು, ಡೈನೋಸಾರ್ ಯಂತ್ರಗಳು, ವಾರಕ್ಕೊಂದು ರಾಕ್ಷಸ. ಮರುವರ್ಷ ಅಮೆರಿಕದ ಸಬಾನ್ ಕಂಪನಿ ಅದರ ಹೊಡೆದಾಟದ ದೃಶ್ಯಗಳನ್ನು ಕೊಂಡು, ನಡುನಡುವೆ ಅಮೆರಿಕದ ಹೈಸ್ಕೂಲು ಹುಡುಗರ ಕಥೆ ಸೇರಿಸಿ 'ಮೈಟಿ ಮಾರ್ಫಿನ್ ಪವರ್ ರೇಂಜರ್ಸ್' ಎಂದು ಪ್ರಸಾರ ಮಾಡಿತು. ಹೆಲ್ಮೆಟ್ಟಿನೊಳಗೆ ಮುಖ ಕಾಣುವುದಿಲ್ಲವಲ್ಲ, ಅದೇ ಈ ವ್ಯಾಪಾರದ ಗುಟ್ಟು. ಜಪಾನಿನಲ್ಲಿ ಹಳದಿ ಉಡುಪಿನವನು ಗಂಡಸು, ಅಮೆರಿಕದಲ್ಲಿ ಅದೇ ಉಡುಪು ಟ್ರಿನಿ ಎಂಬ ಹುಡುಗಿಯದು. ಒಂದೇ ಹೊಡೆತ, ಎರಡು ದೇಶ, ಎರಡು ದೇಹ. ಆಮೇಲೆ ಅದು ಡಿಸ್ನಿಯ ಕೈಗೆ ಹೋಯಿತು, ಮತ್ತೆ ಸಬಾನ್ ಕೈಗೆ ಬಂತು, 2018ರಲ್ಲಿ ಆಟಿಕೆ ಕಂಪನಿ ಹ್ಯಾಸ್ಬ್ರೊ 52.2 ಕೋಟಿ ಡಾಲರಿಗೆ ಕೊಂಡಿತು. ನಮ್ಮಲ್ಲಿ ಎರಡು ಸಾವಿರದ ದಶಕದಲ್ಲಿ ಬೆಳೆದ ಎಷ್ಟೋ ಮಕ್ಕಳು ಇದನ್ನು ಜೆಟಿಕ್ಸ್‌ನಲ್ಲಿ ಹಿಂದಿ ಡಬ್ಬಿಂಗಿನಲ್ಲಿ ನೋಡಿದವರು. ಭಾಷೆ ಅರ್ಧ ತಿಳಿಯದಿದ್ದರೂ ಯಾರು ಯಾರಿಗೆ ಯಾಕೆ ಹೊಡೆಯುತ್ತಿದ್ದಾರೆ ಎಂಬುದು ತಿಳಿಯುತ್ತಿತ್ತು.

ಸರಕು, ಸರಿ. ಆದರೆ ಸರಕಾಗಿ ಹುಟ್ಟಿದ್ದರಲ್ಲಿ ನೋಡುವಂಥದ್ದು ಏನೂ ಇರುವುದಿಲ್ಲ ಎಂಬ ನ್ಯಾಯ ಎಲ್ಲಿಂದ ಬಂತು? ಅರಿಕೇಸರಿಯ ಆಶ್ರಯದಲ್ಲಿ ಕೂತು, ಅವನನ್ನೇ ಅರ್ಜುನನ ಜಾಗದಲ್ಲಿ ನಿಲ್ಲಿಸಿ, ವ್ಯಾಸನ ಕಥೆಯನ್ನು ತಿರುಗಿ ಹೇಳಿದವನನ್ನು ನಾವು ಆದಿಕವಿ ಅನ್ನುತ್ತೇವೆ. ಪಂಪನನ್ನೂ ಒಂದು ಗೇಮನ್ನೂ ಸಮ ಮಾಡುತ್ತಿಲ್ಲ, ಮೇಷ್ಟ್ರುಗಳು ಹೆದರಬೇಕಾಗಿಲ್ಲ. ದುಡ್ಡು ಯಾರದು, ಮೂಲ ಯಾವುದು ಎಂದು ಕೇಳಿದ ಮೇಲೆ ಮಾಡಿದವರು ಅದನ್ನು ಏನು ಮಾಡಿದರು ಎಂದೂ ಕೇಳಬೇಕಲ್ಲ. ಕಮ್ಮಟದಲ್ಲಿ ಯಾರೂ ಕೇಳಲಿಲ್ಲ.

ಸಂಜೆ ಆ ಹುಡುಗನ ನಂಬರು ತೆಗೆದುಕೊಂಡೆ. ಹದಿನೈದು ದಿನ ಬಿಟ್ಟು ಅವನ ಹಾಸ್ಟೆಲ್ ರೂಮಿಗೆ ಹೋಗಿ ಆಡಿದೆ. ಹದಿನಾಲ್ಕು ಸಲ ಸೋತೆ. ಈಗ ಹೇಳುವುದೆಲ್ಲ ಆ ಸೋಲುಗಳಲ್ಲಿ, ಆಮೇಲಿನ ಇನ್ನೂ ಅನೇಕ ಸೋಲುಗಳಲ್ಲಿ ಕಲಿತದ್ದು.

ಈ ಗೇಮನ್ನು ಮಾಡಿದ್ದು ಸ್ಯಾನ್ ಫ್ರಾನ್ಸಿಸ್ಕೋದ ಎನ್‌ವೇ ಎಂಬ ಸಣ್ಣ ಸಂಸ್ಥೆ, 2019ರಲ್ಲಿ. ಕಥೆಯನ್ನು ತೆಗೆದುಕೊಂಡದ್ದು ಟೀವಿಯಿಂದಲ್ಲ, ಟೀವಿಯಿಂದ ಹುಟ್ಟಿದ ಕಾಮಿಕ್ಸಿನಿಂದ. ಬೂಮ್ ಸ್ಟುಡಿಯೋಸ್ 2018ರಲ್ಲಿ ತಂದ 'ಶಾಟರ್ಡ್ ಗ್ರಿಡ್'ನಿಂದ. ಮೂಲ ಧಾರಾವಾಹಿಯಲ್ಲಿ ಟಾಮಿ ಎಂಬ ಹುಡುಗ ಮಾಟಗಾತಿ ರೀಟಾಳ ವಶದಲ್ಲಿದ್ದು, ರೇಂಜರುಗಳ ಮೇಲೇ ಬಿದ್ದು, ಕಡೆಗೆ ಮಾಟ ಕಳಚಿ ಅವರ ಗೆಳೆಯನಾಗುತ್ತಾನೆ. ಮಕ್ಕಳ ಕಥೆಗೆ ಅಷ್ಟು ಸಾಕು: ತಪ್ಪು ಮಾಟದ್ದು, ಹುಡುಗ ಒಳ್ಳೆಯವನು. ಕಾಮಿಕ್ಸ್ ಬರೆದ ಕೈಲ್ ಹಿಗಿನ್ಸ್ ಇದಕ್ಕೊಂದು ಕೊಕ್ಕೆ ಹಾಕಿದ. ಇನ್ನೊಂದು ಜಗತ್ತಿನಲ್ಲಿ ಮಾಟ ಕಳಚುತ್ತದೆ, ಗೆಳೆಯರು ಕೈಚಾಚುತ್ತಾರೆ, ಟಾಮಿ ಆ ಕೈ ಹಿಡಿಯುವುದಿಲ್ಲ. ಬುದ್ಧಿ ಸ್ವಾಧೀನದಲ್ಲಿರುವಾಗಲೇ ರೀಟಾಳ ಕಡೆ ನಿಲ್ಲುತ್ತಾನೆ. ಅವನೇ ಮುಂದೆ ಲಾರ್ಡ್ ಡ್ರಾಕನ್ ಆಗುತ್ತಾನೆ. ಆ ಜಗತ್ತಿನ ಕಿಂಬರ್ಲಿ ಅವನ ಬೇಟೆಗಾರ್ತಿ, ರೇಂಜರ್ ಸ್ಲೇಯರ್. ಕಪ್ಪು ರೇಂಜರನ ಶಕ್ತಿ ಅವನ ಸಿಪಾಯಿಗಳಿಗೆ ಸಮವಸ್ತ್ರ. ಇಪ್ಪತ್ತೈದು ವರ್ಷ ಹಳೆಯ ಮಕ್ಕಳ ಧಾರಾವಾಹಿಯ ಕ್ಷಮೆಯನ್ನು ಹೀಗೆ ಒಂದೇ ಪ್ರಶ್ನೆಯಿಂದ ಅಲ್ಲಾಡಿಸುವುದನ್ನು ಒಂದು ಸಣ್ಣ ಕಥೆಯಲ್ಲಿ ಓದಿದ್ದರೆ ನಾವು ಚಪ್ಪಾಳೆ ತಟ್ಟುತ್ತಿದ್ದೆವು.

ಗೇಮಿನಲ್ಲಿ ಈ ಕಥೆಯನ್ನು ಹೇಳುವ ಭಾಗ ಬಡಕಲು. ಅದನ್ನೇನೂ ನಾನು ಹೊಗಳುವುದಿಲ್ಲ. ಬಿಡುಗಡೆಯ ದಿನ ಆ ಭಾಗ ಇರಲೇ ಇಲ್ಲ, ಆಮೇಲೆ ಸೇರಿಸಿದರು. ಗೇಮಿನ ನಿಜವಾದ ಮಾತು ಇರುವುದು ಹೊಡೆದಾಟದ ನಿಯಮಗಳಲ್ಲಿ.

ನಿಮ್ಮ ತಂಡದಲ್ಲಿ ಮೂವರು. ಕಣದಲ್ಲಿ ಒಬ್ಬರು, ಉಳಿದಿಬ್ಬರು ಹೊರಗೆ. ಒಂದು ಬಟನ್ ಒತ್ತಿದರೆ ಹೊರಗಿದ್ದವರೊಬ್ಬರು ಓಡಿಬಂದು ಒಂದು ಏಟು ಹಾಕಿ ಹೋಗುತ್ತಾರೆ. ಇದಕ್ಕೆ ಅಸಿಸ್ಟ್ ಅನ್ನುತ್ತಾರೆ. ಇಷ್ಟು ಹಳೆಯ ಮಾರ್ವೆಲ್ ವರ್ಸಸ್ ಕ್ಯಾಪ್ಕಾಮ್ ಗೇಮುಗಳಲ್ಲೂ ಉಂಟು. ಇಲ್ಲಿನ ವಿಶೇಷ ಅದರ ಮುಂದಿನ ಹೆಜ್ಜೆ. ಬಂದವರು ಏಟು ಹಾಕುತ್ತಿರುವಾಗಲೇ ನೀವು ಅವರೊಳಗೆ ದಾಟಿಬಿಡಬಹುದು. ಈ ಕ್ಷಣ ನೀವು ಜೇಸನ್, ಮರುಕ್ಷಣ ನಿಮ್ಮ ನೆರವಿಗೆ ಬಂದವರೇ ನೀವು. ಜೇಸನ್ ಹಿಂದೆ ಸರಿದ. ಕರೆದವರು ಯಾರು, ಬಂದವರು ಯಾರು ಎಂಬುದು ಎದುರಾಳಿಗೆ ಅಷ್ಟೇ ಅಲ್ಲ, ಆಡುವವನಿಗೂ ಗಲಿಬಿಲಿಯಾಗುತ್ತದೆ. ಹೊರಗೆ ನಿಂತವರ ಗಾಯ ಸ್ವಲ್ಪಸ್ವಲ್ಪ ಮಾಯುತ್ತದೆ. ಆದರೆ ನೆರವಿಗೆ ಕರೆದಾಗ ಎದುರಾಳಿ ಇಬ್ಬರನ್ನೂ ಒಟ್ಟಿಗೆ ಹಿಡಿದು ಬಡಿಯಬಹುದು. ಅಂದರೆ ಸಹಾಯ ಕೇಳುವುದು ಪುಕ್ಕಟೆಯಲ್ಲ, ಕೇಳಿದರೆ ಬಂದವರಿಗೂ ಏಟು. ಧಾರಾವಾಹಿಯಲ್ಲಿ 'ನಾವೆಲ್ಲ ಒಂದು ತಂಡ' ಎಂದು ಪ್ರತಿ ಕಂತಿನ ಕೊನೆಗೆ ಯಾರಾದರೂ ಹೇಳುತ್ತಿದ್ದರು, ಬೇಸರ ಬರುವಷ್ಟು. ಗೇಮಿನಲ್ಲಿ ಯಾರೂ ಹೇಳುವುದಿಲ್ಲ. ಕಿಂಬರ್ಲಿಯನ್ನು ಬೇಡದ ಹೊತ್ತಿಗೆ ಕರೆದು, ಅವಳು ನೆಲಕ್ಕೆ ಬಿದ್ದಾಗ, ತಂಡ ಎಂದರೇನು ಎಂಬುದು ನಿಮ್ಮ ಹೆಬ್ಬೆರಳಿಗೆ ಗೊತ್ತಾಗುತ್ತದೆ.

ಬಟನ್ನುಗಳೂ ಸರಳ. ಸಣ್ಣ ಏಟು, ನಡುವಣದು, ದೊಡ್ಡದು, ಮತ್ತೊಂದು ವಿಶೇಷಕ್ಕೆ. ಈ ಜಾತಿಯ ಗೇಮುಗಳಲ್ಲಿ ಹೆಸರುವಾಸಿಯಾದ, ಕಡ್ಡಿಯನ್ನು ಅರ್ಧಚಂದ್ರಾಕಾರ ತಿರುಗಿಸುವ ಕಸರತ್ತು ಇಲ್ಲ. ಹೊಸಬನೂ ಹತ್ತು ನಿಮಿಷದಲ್ಲಿ ಎಲ್ಲ ಹೊಡೆತ ಹೊಡೆಯಬಲ್ಲ. ಯಾವಾಗ ಹೊಡೆಯಬೇಕೆಂದು ಕಲಿಯಲು ವರ್ಷ ಬೇಕು. ಆ ಹುಡುಗ ನನ್ನನ್ನು ಹದಿನಾಲ್ಕು ಸಲ ಸೋಲಿಸಿದ್ದು ಬೆರಳಿನ ವೇಗದಿಂದಲ್ಲ, ನಾನು ಹೆದರುವ ಹೊತ್ತು ಯಾವುದೆಂದು ಅವನಿಗೆ ಗೊತ್ತಿದ್ದುದರಿಂದ.

ಇನ್ನೊಂದು ಸಂಗತಿ ಕಣ್ಣಿಗೆ ಕಾಣದ್ದು. ಇಂಥ ಗೇಮಿನ ಪರದೆ ಸೆಕೆಂಡಿಗೆ 60 ಸಲ ಹೊಸದಾಗುತ್ತದೆ. ದೂರದ ಊರಿನ ಎದುರಾಳಿ ಒತ್ತಿದ ಬಟನ್ನಿನ ಸುದ್ದಿ ಅಂತರ್ಜಾಲದಲ್ಲಿ ಬರುವಷ್ಟರಲ್ಲಿ ಕೆಲವು ಚಿತ್ರಗಳು ದಾಟಿಹೋಗಿರುತ್ತವೆ. ಬಹಳ ಗೇಮುಗಳು ಆ ಸುದ್ದಿ ಬರುವವರೆಗೆ ಇಬ್ಬರನ್ನೂ ತಡೆದು ನಿಲ್ಲಿಸುತ್ತಿದ್ದವು. ಆಡುವವರಿಗೆ ಕೆಸರಿನಲ್ಲಿ ನಡೆದಂತೆ. ರೋಲ್‌ಬ್ಯಾಕ್ ಎಂಬ ಇನ್ನೊಂದು ವಿಧಾನ ಕಾಯುವುದಿಲ್ಲ. ಎದುರಾಳಿ ಏನು ಮಾಡಬಹುದೆಂದು ಊಹಿಸಿ ಮುಂದೆ ಹೋಗುತ್ತದೆ, ಊಹೆ ತಪ್ಪಿದರೆ ಹಿಂದಕ್ಕೆ ಹೋಗಿ ತಿದ್ದಿಕೊಂಡು ಬರುತ್ತದೆ, ಅದೂ ಕಣ್ಣಿಗೆ ತಿಳಿಯದ ಹಾಗೆ. ದೊಡ್ಡ ದೊಡ್ಡ ಕಂಪನಿಗಳು ಇದಕ್ಕೆ ಮೀನಮೇಷ ಎಣಿಸುತ್ತಿದ್ದ ಕಾಲದಲ್ಲಿ 20 ಡಾಲರಿನ ಈ ಗೇಮು ಅದನ್ನು ಕೊಟ್ಟಿತು. ಬೇರೆ ಬೇರೆ ಕಂಪನಿಗಳ ಯಂತ್ರ ಇಟ್ಟುಕೊಂಡವರು ಪರಸ್ಪರ ಆಡುವ ಅವಕಾಶವನ್ನೂ ಕೊಟ್ಟಿತು. ಎದುರಾಳಿ ಸಿಗಬೇಕಾದರೆ ಹೊರದೇಶವನ್ನೇ ನೋಡಬೇಕಾದ ನಮ್ಮ ಕಡೆಯ ಹುಡುಗರಿಗೆ ಇದು ಸಣ್ಣ ಉಪಕಾರವಲ್ಲ.

ಬಿಡುಗಡೆಯಾದಾಗ ವಿಮರ್ಶಕರು ಎಣಿಸಿದ್ದು ಏನನ್ನು? ಪಾತ್ರಗಳು ಬರೀ ಒಂಬತ್ತು. ರಂಗಗಳು ಕಡಿಮೆ. ಕಥೆ ಇಲ್ಲ. ಲೆಕ್ಕ ಸರಿಯಾಗಿತ್ತು, ಕೊಳ್ಳುವವನಿಗೆ ಹೇಳಬೇಕಾದದ್ದೂ ಹೌದು. ಆದರೆ ಹೋಟೆಲಿನಲ್ಲಿ ಪಲ್ಯದ ಬಟ್ಟಲು ಎಷ್ಟೆಂದು ಎಣಿಸಿ ಎದ್ದುಬಂದ ಹಾಗಾಯಿತು ಅದು. ಮುಂದಿನ ಎರಡು ಮೂರು ವರ್ಷದಲ್ಲಿ ಪಾತ್ರಗಳು ಇಪ್ಪತ್ತು ದಾಟಿದವು, ಸ್ಟ್ರೀಟ್ ಫೈಟರಿನ ರ‍್ಯೂ ಮತ್ತು ಚುನ್-ಲೀ ಕೂಡ ರೇಂಜರ್ ಉಡುಪಿನಲ್ಲಿ ಬಂದರು. ತಿರುಗಿ ನೋಡಿದವರು ಕೆಲವರೇ.

ಇಲ್ಲಿಯವರೆಗಿನದು ರುಚಿಯ ಜಗಳ, ಬೇಕಾದರೆ ಬಿಡಿ. ಬಿಡಲಾಗದ್ದು ಇನ್ನು ಮುಂದಿದೆ. ಈ ಗೇಮು 2020ರಲ್ಲಿ ಗೂಗಲಿನ ಸ್ಟೇಡಿಯಾದಲ್ಲೂ ಬಂದಿತ್ತು. 2023ರ ಜನವರಿ 18ರಂದು ಸ್ಟೇಡಿಯಾ ಮುಚ್ಚಿತು. ಕೊಂಡವರಿಗೆ ದುಡ್ಡು ಹಿಂದಕ್ಕೆ ಬಂತು, ಗೇಮು ಬರಲಿಲ್ಲ. ಅವರ ಮನೆಯಲ್ಲಿ ಮೊದಲಿಂದಲೂ ಅದು ಇರಲೇ ಇಲ್ಲವಲ್ಲ. ಬೇರೆ ಯಂತ್ರಗಳಲ್ಲಿ ಇದ್ದರೂ ಅದರ ಆಯಸ್ಸು ಕರಾರು ಪತ್ರಗಳ ಮೇಲೆ ನಿಂತಿದೆ: ರೇಂಜರುಗಳು ಹ್ಯಾಸ್ಬ್ರೊದವರು, ಚುನ್-ಲೀ ಕ್ಯಾಪ್ಕಾಮಿನವಳು, ಗೇಮು ಮಾಡಿದ ಸಂಸ್ಥೆಯನ್ನೂ ಇನ್ನೊಂದು ಕಂಪನಿ ಕೊಂಡಾಗಿದೆ. ಯಾವುದೋ ಒಂದು ಕರಾರು ಮುಗಿದರೆ ಏನಾಗುತ್ತದೆಂದು ಊಹಿಸಬೇಕಾಗಿಲ್ಲ. 'ಅಲ್ಟಿಮೇಟ್ ಮಾರ್ವೆಲ್ ವರ್ಸಸ್ ಕ್ಯಾಪ್ಕಾಮ್ 3', ಅದರ ಹಿಂದಿನ ಭಾಗ, ಎರಡೂ 2013ರ ಡಿಸೆಂಬರಿನಲ್ಲಿ ಆನ್‌ಲೈನ್ ಅಂಗಡಿಗಳಿಂದ ಮಾಯವಾದವು. ಮೊದಲನೆಯದು ಮೂರು ವರ್ಷಕ್ಕೆ ಮರಳಿತು, ಎರಡನೆಯದಕ್ಕೆ 2024 ಬರಬೇಕಾಯಿತು. ಡಿಸ್ಕ್ ಇದ್ದವರೂ ಬೀಗಬೇಕಾಗಿಲ್ಲ. ಡಿಸ್ಕಿನಲ್ಲಿರುವುದು ಅದು ಅಚ್ಚಾದ ದಿನದ ಗೇಮು. ಆಮೇಲಿನ ತಿದ್ದುಪಡಿಗಳೆಲ್ಲ ಸರ್ವರಿನಿಂದ ಬರಬೇಕು. 2010ಕ್ಕೆ ಮೊದಲು ಅಮೆರಿಕದಲ್ಲಿ ಬಂದ ಗೇಮುಗಳಲ್ಲಿ ಶೇಕಡ 87ರಷ್ಟು ಇವತ್ತು ಮಾರುಕಟ್ಟೆಯಲ್ಲಿ ಸಿಗುವುದಿಲ್ಲವೆಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಲೆಕ್ಕ ಕೊಟ್ಟಿತು.

ಹಾಗಾದರೆ ಗ್ರಂಥಾಲಯಗಳು ಇಟ್ಟುಕೊಳ್ಳಲಿ ಅನ್ನುತ್ತೀರಿ. ಅಮೆರಿಕದಲ್ಲಿ ಸಂಗ್ರಾಹಕರು ಕೇಳಿದ್ದೂ ಅದನ್ನೇ: ಮಾರಾಟದಲ್ಲಿಲ್ಲದ ಹಳೆಯ ಗೇಮುಗಳನ್ನು ಅಭ್ಯಾಸ ಮಾಡುವವರಿಗೆ ದೂರದಿಂದಲೂ ನೋಡಲು ಬಿಡಿ ಎಂದು. 2024ರ ಅಕ್ಟೋಬರಿನಲ್ಲಿ ಅಲ್ಲಿನ ಕಾಪಿರೈಟ್ ಕಚೇರಿ ಒಪ್ಪಲಿಲ್ಲ. ಅದರ ಮುಖ್ಯ ಅಂಜಿಕೆ ಏನು ಗೊತ್ತೇ? ಅಭ್ಯಾಸದ ಹೆಸರಿನಲ್ಲಿ ಜನ ಮನರಂಜನೆಗೆ ಆಡಿಬಿಟ್ಟಾರು ಎಂಬುದು. ಗ್ರಂಥಾಲಯದಿಂದ ಪತ್ತೇದಾರಿ ಕಾದಂಬರಿ ತಂದು ಮಂಚದ ಮೇಲೆ ಬಿದ್ದುಕೊಂಡು ಓದುವವರನ್ನು ಯಾರಾದರೂ ಹೀಗೆ ಕೇಳಿದ್ದುಂಟೇ? ಪುಸ್ತಕಕ್ಕೆ ಸಂತೋಷವೂ ಒಂದು ಅರ್ಹತೆ, ಗೇಮಿಗೆ ಅದೇ ಅಪರಾಧ.

ಕಮ್ಮಟದ ನಗು ನನಗೆ ಮತ್ತೆ ಕೇಳಿಸಿದ್ದು ಇಲ್ಲಿ. 'ಆಟಿಕೆ ಕಣಪ್ಪಾ' ಎನ್ನುವುದು ಊಟವಾದ ಮೇಲಿನ ತಮಾಷೆಯಾಗಿ ಉಳಿಯುವುದಿಲ್ಲ. ಕಂಪನಿಗೆ ಅದಕ್ಕಿಂತ ಒಳ್ಳೆಯ ವಕೀಲ ಸಿಗುವುದಿಲ್ಲ. ಸರಕು ಎಂದು ಓದುಗರೂ ಹೇಳಿದ ಮೇಲೆ ಅಂಗಡಿಯವನು ತನ್ನ ಸರಕನ್ನು ಯಾವಾಗ ಬೇಕಾದರೂ ಎತ್ತಿಟ್ಟುಕೊಳ್ಳಬಹುದು, ಕೇಳುವವರಿಲ್ಲ. ಮಾರುಕಟ್ಟೆಯ ವಿರುದ್ಧ ಭಾಷಣ ಮಾಡುವ ನಾವು, ಯಾವುದು ಉಳಿಯಬೇಕು ಎಂಬ ತೀರ್ಮಾನವನ್ನು ಮಾರುಕಟ್ಟೆಗೇ ಬಿಟ್ಟುಕೊಟ್ಟು ಎದ್ದುಬಂದಿದ್ದೇವೆ. ಹಳೆಯ ತಾಳೆಗರಿಗೆ ಗೆದ್ದಲು ಹತ್ತಿತೆಂದರೆ ಸಂಕಟಪಡುವ ಜನ ಕಣ್ಣೆದುರಿಗೇ ಅಳಿಯುತ್ತಿರುವ ಒಂದು ಇಡೀ ಕಲೆಯ ಬಗ್ಗೆ ಒಂದು ಪುಟ ಬರೆದಿಟ್ಟಿಲ್ಲ. ಇದರಲ್ಲೂ ಹೊಡೆದಾಟದ ಗೇಮುಗಳ ಪಾಡು ಕಷ್ಟದ್ದು. ಫೈಲು ಉಳಿದರೂ ಗೇಮು ಉಳಿದಂತಲ್ಲ, ಎದುರಿಗೊಬ್ಬರು ಬೇಕು. ಡ್ರಾಕನ್ ಮುಂದೆ ಬಂದಾಗ ಹೇಗೆ ತಪ್ಪಿಸಿಕೊಳ್ಳಬೇಕು, ಯಾವ ಮೂವರು ಒಟ್ಟಿಗಿದ್ದರೆ ಚೆನ್ನ, ಯಾವ ಊಹೆ ಎಲ್ಲಿ ತಪ್ಪುತ್ತದೆ ಎಂಬ ವಿದ್ಯೆಯೆಲ್ಲ ಸದ್ಯಕ್ಕೆ ಆಡುವವರ ಕೈಯಲ್ಲೇ ಇದೆ.

ಹುಡುಗ ಕಮ್ಮಟಕ್ಕೆ ಕೊನೆಗೂ ಒಂದು ಕಾದಂಬರಿಯ ಮೇಲೆ ಬರೆದುಕೊಟ್ಟ. ಒಳ್ಳೆಯ ಲೇಖನ ಎಂದು ಹೇಳಿದರಂತೆ. ಹಾಸ್ಟೆಲಿನಿಂದ ಹೊರಡುವಾಗ ನಾನು ಕೇಳಿದ್ದಕ್ಕೆ, ಗೇಮಿನ ಬಗ್ಗೆ ಮೊದಲೇ ಬರೆದು ಇಟ್ಟುಕೊಂಡಿದ್ದ ಮೂರು ಹಾಳೆ ಕೊಟ್ಟ. ನೀಲಿ ಶಾಯಿ, ಒತ್ತಕ್ಷರದ ತಪ್ಪು ಅಲ್ಲಲ್ಲಿ. ರೇಂಜರ್ ಸ್ಲೇಯರ್ ಬಿಲ್ಲು ಎಳೆಯುವಾಗ ಎಷ್ಟು ಹೊತ್ತು ತಡೆದರೆ ಎದುರಾಳಿ ತಾನಾಗಿ ಬಾಣಕ್ಕೆ ನೆಗೆಯುತ್ತಾನೆ ಎನ್ನುವಲ್ಲಿಂದ ಅದು ಶುರುವಾಗುತ್ತದೆ.