ತೈಲದ ಋಣ, ಬಿಸಿಲಿನ ಬಾಡಿಗೆ

ಮುಂಬಯಿಯಿಂದ ಪಶ್ಚಿಮಕ್ಕೆ ಸುಮಾರು 160 ಕಿ.ಮೀ. ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ, ದೇಶದ ಅತಿ ದೊಡ್ಡ ತೈಲಕ್ಷೇತ್ರವಾದ ಬಾಂಬೆ ಹೈ ಇದೆ. 1974ರಲ್ಲಿ ಅಲ್ಲಿ ತೈಲ ಪತ್ತೆಯಾಯಿತು. 1976ರಲ್ಲಿ ಉತ್ಪಾದನೆ ಆರಂಭವಾಯಿತು. ಅರಬ್–ಇಸ್ರೇಲ್ ಯುದ್ಧದ ಪರಿಣಾಮವಾಗಿ ಕಚ್ಚಾತೈಲದ ಬೆಲೆ ಕೆಲವೇ ತಿಂಗಳುಗಳಲ್ಲಿ ನಾಲ್ಕು ಪಟ್ಟಿನಷ್ಟು ಏರಿದ್ದ ಕಾಲವದು. ಆ ಸಂಕಟದಿಂದ ಚೇತರಿಸಿಕೊಳ್ಳಲು ದೇಶಕ್ಕೆ ನೆರವಾದ ಈ ಕ್ಷೇತ್ರ, 1980ರ ದಶಕದ ಕೊನೆಯ ವೇಳೆಗೆ ದಿನಕ್ಕೆ 4 ಲಕ್ಷ ಬ್ಯಾರೆಲ್‌ಗೂ ಹೆಚ್ಚು ತೈಲ ಕೊಡುತ್ತಿತ್ತು. ಇಂದು 1.5 ಲಕ್ಷ ಬ್ಯಾರೆಲ್ ಕೂಡ ದೊರೆಯುತ್ತಿಲ್ಲ. ಉತ್ಪಾದನೆಯನ್ನು ಮತ್ತೆ ಹೆಚ್ಚಿಸಲೆಂದು 2025ರಲ್ಲಿ ಬ್ರಿಟನ್ನಿನ ಬಿಪಿ ಕಂಪನಿಯೊಡನೆ ತಾಂತ್ರಿಕ ಸೇವೆಯ ಒಪ್ಪಂದವಾಗಿದೆ.

ತೈಲಬಾವಿ ಒಂದೇ ದಿನದಲ್ಲಿ ಬತ್ತುವುದಿಲ್ಲ. ಸುಲಭವಾಗಿ ಸಿಗುವ ತೈಲ ಮೊದಲು ಮುಗಿಯುತ್ತದೆ. ಅನಂತರ ಒಳಗಿನ ಒತ್ತಡ ತಗ್ಗಿ, ನೀರನ್ನು ಒಳತಳ್ಳಿ ತೈಲವನ್ನು ಹೊರಡಿಸಬೇಕಾಗುತ್ತದೆ. ಬ್ಯಾರೆಲ್ ಬ್ಯಾರೆಲಿಗೂ ಖರ್ಚು ಏರುತ್ತದೆ. ಇತ್ತ ನಾವು ಬಳಸುವ ಕಚ್ಚಾತೈಲದಲ್ಲಿ ಶೇ. 85ಕ್ಕೂ ಹೆಚ್ಚು ಪಾಲು ಹೊರದೇಶಗಳಿಂದ ಬರುತ್ತಿದೆ. ಎಲ್ಲಿಯೋ ನಡೆಯುವ ಯುದ್ಧ ನಮ್ಮ ಅಂಗಡಿಯ ಸರಕಿನ ಸಾಗಣೆವೆಚ್ಚವನ್ನು ನಿರ್ಧರಿಸುವ ಸ್ಥಿತಿ ಇದು. ಆದುದರಿಂದ ತೈಲವನ್ನು ಬಿಟ್ಟು ಅನ್ಯ ಶಕ್ತಿಮೂಲಗಳತ್ತ ಸಾಗಬೇಕೆಂಬುದರಲ್ಲಿ ಸಂದೇಹವಿಲ್ಲ. ಆ ಪಯಣದ ವೆಚ್ಚವನ್ನು ಯಾರ ತಲೆಗೆ ಕಟ್ಟುತ್ತಿದ್ದೇವೆ ಎಂಬುದೇ ಪ್ರಶ್ನೆ.

ಪೆಟ್ರೋಲಿಗೆ ಶೇ. 20ರಷ್ಟು ಎಥನಾಲ್ ಬೆರೆಸುವ ಗುರಿಯನ್ನು 2025ರಲ್ಲಿ ತಲುಪಿದೆವೆಂದು ಸರ್ಕಾರ ಹೆಮ್ಮೆಪಡುತ್ತಿದೆ. ಆಮದು ಅಷ್ಟರಮಟ್ಟಿಗೆ ತಗ್ಗಿರುವುದು ನಿಜ. ಆದರೆ ಒಂದು ಲೀಟರ್ ಎಥನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ. ಅದನ್ನು ಕೊಡುವ ಕಬ್ಬು ಬೆಳಗಾವಿ, ಬಾಗಲಕೋಟೆಗಳ ಹೊಲಗಳಲ್ಲಿ ಎಷ್ಟು ನೀರು ಕುಡಿಯುತ್ತದೆಂಬುದು ಆ ಸೀಮೆಯಿಂದ ಬಂದ ನಮ್ಮ ಕುಟುಂಬಗಳಿಗೆ ಹೇಳಬೇಕಾಗಿಲ್ಲ. ವಿದ್ಯುತ್ ವಾಹನ ನಗರದ ಹೊಗೆಯನ್ನು ತಗ್ಗಿಸುತ್ತದೆ, ಅದು ಸ್ವಾಗತಾರ್ಹ. ಆದರೆ ದೇಶದ ವಿದ್ಯುತ್ತಿನಲ್ಲಿ ಶೇ. 70ಕ್ಕೂ ಹೆಚ್ಚು ಪಾಲು ಇನ್ನೂ ಕಲ್ಲಿದ್ದಲಿನಿಂದಲೇ ಹುಟ್ಟುತ್ತಿದೆ.

ಹಾಗಾದರೆ ಸೌರಶಕ್ತಿ? ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಗಳಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ. ಬರಪೀಡಿತ ನಾಡಿನ ರೈತರಿಂದ ನೆಲವನ್ನು ಕಸಿದುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದು, ಕಾಲಕಾಲಕ್ಕೆ ಬಾಡಿಗೆ ಹೆಚ್ಚಿಸುವ ಕರಾರು ಮಾಡಲಾಯಿತು. ಭೂಸ್ವಾಧೀನಕ್ಕಿಂತ ಇದು ಎಷ್ಟೋ ಮೇಲು. ಆದರೆ ಬಾಡಿಗೆ ದೊರೆಯುವುದು ಪಹಣಿಯಲ್ಲಿ ಹೆಸರಿದ್ದವರಿಗೆ ಮಾತ್ರ. ಅದೇ ಹೊಲಗಳಲ್ಲಿ ಕಳೆ ಕಿತ್ತು ಬದುಕುತ್ತಿದ್ದ ಭೂಹೀನ ಕೂಲಿಕಾರರಿಗೆ, ಅಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಆ ಕರಾರಿನಲ್ಲಿ ಪಾಲಿಲ್ಲ. ಹಲಗೆಗಳನ್ನು ತೊಳೆಯುವ, ಕಾವಲು ಕಾಯುವ ಕೆಲಸಗಳು ಎಷ್ಟು ಮಂದಿಯ ಹೊಟ್ಟೆ ತುಂಬಿಸಬಲ್ಲವು?

ಇದನ್ನು ಹೇಳುವುದು ಸೌರಶಕ್ತಿಯನ್ನು ವಿರೋಧಿಸಲೆಂದಲ್ಲ. ಮುಂದಿನ ಪ್ರತಿಯೊಂದು ಸೌರ ಉದ್ಯಾನದ ಕರಾರಿನಲ್ಲಿಯೂ ನೆಲದ ಒಡೆಯನೊಡನೆ ಆ ನೆಲವನ್ನು ನಂಬಿದ್ದ ಕೂಲಿಕಾರನಿಗೂ ನಿಶ್ಚಿತ ಪಾಲು ಇರಬೇಕೆಂದು ಒತ್ತಾಯಿಸಲಿಕ್ಕಾಗಿ. ಮತ ಕೇಳಲು ಬರುವವರನ್ನು ನಾವು ಕೇಳಬೇಕಾದ ಪ್ರಶ್ನೆಗಳಲ್ಲಿ ಇದೂ ಒಂದು.

ಪರರ ನೆಲವನ್ನು ಕೇಳುವ ಮೊದಲು ನಗರವಾಸಿಗಳು ತಮ್ಮ ಮಾಡನ್ನು ನೋಡಿಕೊಳ್ಳುವುದು ನ್ಯಾಯ. 2024ರಲ್ಲಿ ಆರಂಭವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಸ್ವಂತ ಮನೆಯವರಿಗೆ 78,000 ರೂಪಾಯಿಯವರೆಗೆ ಸಹಾಯಧನವಿದೆ. ವಸತಿ ಸೊಸೈಟಿಗಳ ಸಾಮಾನ್ಯ ಬಳಕೆಗೂ ಪ್ರತಿ ಕಿಲೋವ್ಯಾಟಿಗೆ 18,000 ರೂಪಾಯಿ ದೊರೆಯುತ್ತದೆ. ಬಹುಮಹಡಿ ಕಟ್ಟಡದ ಮಾಡು ಎಲ್ಲ ಮನೆಗಳಿಗೂ ಸಾಲದೆಂಬ ಆಕ್ಷೇಪ ಸರಿಯೇ. ಆದರೆ ಲಿಫ್ಟ್, ನೀರಿನ ಪಂಪು, ಮೆಟ್ಟಿಲ ದೀಪಗಳ ಹೊರೆಯನ್ನಾದರೂ ಅದು ಹಗುರಮಾಡೀತು. ಸೊಸೈಟಿಯ ವಾರ್ಷಿಕ ಸಭೆಯಲ್ಲಿ ಬಣ್ಣ ಬಳಿಯುವ ವಿಷಯಕ್ಕೆ ಎರಡು ಗಂಟೆ ಕೊಡುವ ನಾವು ಇದಕ್ಕೆ ಅರ್ಧ ಗಂಟೆ ಕೊಡಲಾರೆವೇ? ನಮ್ಮ ಟ್ರಸ್ಟುಗಳ ಕಲ್ಯಾಣಮಂಟಪ, ವಿದ್ಯಾರ್ಥಿನಿಲಯ, ಗೋದಾಮುಗಳ ವಿಶಾಲವಾದ ಮಾಡುಗಳು ಸುಮ್ಮನೆ ಕಾಯುತ್ತಿವೆ.

ಎಲ್ಲಕ್ಕಿಂತ ಅಗ್ಗದ ಶಕ್ತಿಯೆಂದರೆ ಬಳಸದೆ ಉಳಿಸಿದ ಶಕ್ತಿ. ಲೋಕಲ್ ರೈಲು, ಮೆಟ್ರೊ, ಬಸ್ಸುಗಳಿರುವ ಊರಿನಲ್ಲಿ ಮನೆಗೆ ಮೂರನೆಯ ಕಾರು ವಿದ್ಯುತ್ತಿನದೇ ಆದರೂ ಅದು ಪರಿಹಾರವಲ್ಲ. ಎರಡು ತಲೆಮಾರುಗಳ ನಮ್ಮ ವ್ಯಾಪಾರ ಅಗ್ಗದ ತೈಲದ ಬಲದಿಂದ ಬೆಳೆಯಿತು. ಆ ಋಣವನ್ನು ಮಕ್ಕಳ ಹೆಸರಿಗೂ ಪಾವಗಡದ ಕೂಲಿಕಾರನ ಹೆಸರಿಗೂ ಬರೆದಿಟ್ಟು ಹೋಗುವುದು ಲೆಕ್ಕ ಬಲ್ಲ ಸಮಾಜಕ್ಕೆ ಶೋಭಿಸದು.